ಚೆಂಡುಹೂವಿನ ಎಲೆಗೆ ಘಾಟು ಬಂದದ್ದು ಹೇಗೆ

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ಯಾವ ಬೆಟ್ಟ ಎಲ್ಲಿ ಕೂರಬೇಕು ಎಂಬುದೇ ಗೊತ್ತಾಗಿರಲಿಲ್ಲ. ಇವತ್ತು ಇಲ್ಲಿ ಹರಿದ ಹೊಳೆ ನಾಳೆ ಇನ್ನೆಲ್ಲೋ ಹರಿಯುತ್ತಿತ್ತು. ಗಿಡ, ಹುಳ, ಹಕ್ಕಿ, ಮನುಷ್ಯ ಎಲ್ಲರೂ ಆಡುತ್ತಿದ್ದದ್ದು ಒಂದೇ ಮಾತು. ಯಾರು ಏನು ಹೇಳಿದರೂ ಎಲ್ಲರಿಗೂ ಅರ್ಥವಾಗುತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಯಾಕೆಂದರೆ ಎಲ್ಲರೂ ಭೂಮಿತಾಯಿಯ ಹತ್ತಿರ ಬಂದು ದೂರು ಹೇಳುತ್ತಿದ್ದರು. ತನ್ನ ಎಲೆ ತೀರಾ ಸಣ್ಣದಾಯಿತು ಎಂದು ಹುಣಸೆ ಬಂತು. ತನ್ನ ಎಲೆ ತೀರಾ ದೊಡ್ಡದಾಯಿತು, ಗಾಳಿ ಹರಿದು ಹಾಕುತ್ತದೆ ಎಂದು ಬಾಳೆ ಬಂತು. ಬಾಳೆ ದಾರಿಗೆ ಅಡ್ಡ ನಿಲ್ಲುತ್ತದೆ ಎಂದು ಗಾಳಿಯೂ ಬಂತು. ಬೆಳಗಿನಿಂದ ಸಂಜೆಯವರೆಗೆ ಭೂಮಿತಾಯಿ ಒಬ್ಬೊಬ್ಬರಿಗೂ ಒಂದು ಜಾಗ, ಒಂದು ಊಟ ಗೊತ್ತು ಮಾಡಿ ಕಳಿಸುತ್ತಿದ್ದಳು. ಹೋದವರು ಮತ್ತೆ ತಿರುಗಿ ಬರುತ್ತಿದ್ದರು. ಭೂಮಿತಾಯಿಗೆ ಸಾಕಾಗಿ ಹೋಗಿತ್ತು.

ಎಲ್ಲರೂ ಹೋದ ಮೇಲೆ ಕೊನೆಗೆ ಬಂದದ್ದು ಮಣ್ಣಿನ ಜಂತುಹುಳು. ಅದು ಎಷ್ಟು ಸಣ್ಣದೆಂದರೆ, ತಲೆಗೂದಲನ್ನು ಉದ್ದಕ್ಕೆ ಸೀಳಿ, ಆ ಸೀಳನ್ನು ಮತ್ತೆ ಸೀಳಿದರೆ ಎಷ್ಟಾದೀತೋ ಅಷ್ಟು. ಕಣ್ಣಿಗೆ ಕಾಣುವ ಮಾತೇ ಇಲ್ಲ. ಅದು ಭೂಮಿತಾಯಿಯ ಮುಂದೆ ನಿಂತು, ತಾನು ಎಲ್ಲಿರಬೇಕು, ಏನು ತಿನ್ನಬೇಕು ಎಂದು ಕೇಳಿತು. ಭೂಮಿತಾಯಿ ನೋಡಿದಳು. ಯಾರೂ ಕಾಣಲಿಲ್ಲ. ಮತ್ತೆ ಅದೇ ದನಿ ಕೇಳಿತು. ಮತ್ತೆ ನೋಡಿದಳು. ಯಾರೂ ಇಲ್ಲ.

"ಎಲ್ಲಾದರೂ ಇರು, ಏನಾದರೂ ತಿನ್ನು. ನನ್ನ ತಲೆ ಮಾತ್ರ ತಿನ್ನಬೇಡ" ಎಂದು ಹೇಳಿ ಆಕೆ ಕಣ್ಣು ಮುಚ್ಚಿದಳು.

ಆ ಕಾಲದಲ್ಲಿ ಭೂಮಿತಾಯಿ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಜಂತುಹುಳು ಸಂತೋಷದಿಂದ ಹೊರಟಿತು. ಮಣ್ಣಿನೊಳಗೆ ನುಸುಳುತ್ತ ನುಸುಳುತ್ತ ಒಂದು ಎಳೆಯ ಬೇರು ಸಿಕ್ಕಿತು. ಮೆತ್ತಗಿತ್ತು, ಸಿಹಿಯಾಗಿತ್ತು. ಒಳಗೆ ಹೋಗಿ ಕೂತುಬಿಟ್ಟಿತು.

ಅದು ಬದನೆ ಗಿಡದ ಬೇರು.

ಆ ಬದನೆ ಗಿಡ ಕೆಂಚಪ್ಪ ಮತ್ತು ಮಾಳವ್ವ ಎಂಬ ಗಂಡ ಹೆಂಡತಿಯದು. ಕಾಡಿನಲ್ಲಿ ಮುಳ್ಳು ಮುಳ್ಳಾಗಿ ಬೆಳೆಯುತ್ತಿದ್ದ ಬದನೆಯನ್ನು ತಂದು ಮೊದಲು ಹೊಲದಲ್ಲಿ ಸಾಲು ಹಿಡಿದು ನೆಟ್ಟವರು ಅವರೇ. ಹೊಳೆಯ ದಂಡೆಯಲ್ಲಿ ಅವರ ಗುಡಿಸಲಿತ್ತು. ಮೊದಲ ಸಲ ಕಾಯಿ ಚೆನ್ನಾಗಿ ಬಂತು. ಆಮೇಲೆ ಏನಾಯಿತೋ, ಮಧ್ಯಾಹ್ನವಾದರೆ ಸಾಕು, ಗಿಡಗಳೆಲ್ಲ ತಲೆ ಜೋಲು ಹಾಕಿಕೊಂಡು ನಿಲ್ಲತೊಡಗಿದವು. ಸಂಜೆಗೆ ಎದ್ದು ನಿಲ್ಲುವವು. ಮಾರನೆಯ ಮಧ್ಯಾಹ್ನ ಮತ್ತೆ ಅದೇ. ಬರಬರುತ್ತ ಎಲೆ ಹಳದಿಯಾಯಿತು. ಕಾಯಿ ನೆಲ್ಲಿಕಾಯಿಗಿಂತ ದೊಡ್ಡದಾಗಲಿಲ್ಲ.

ಕೆಂಚಪ್ಪ ಕೊಡಗಟ್ಟಲೆ ನೀರು ಹೊಯ್ದ. ಗಿಡ ತಲೆ ಎತ್ತಲಿಲ್ಲ. ಮಣ್ಣಿಗೆ ದಣಿವಾಗಿದೆ, ಬೇರೆ ಕಡೆ ಹೋಗೋಣ ಎಂದ. ಮಾಳವ್ವ ಬೀಸುಕಲ್ಲನ್ನು ತಲೆಯ ಮೇಲೆ ಹೊತ್ತಳು, ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ಬೆಟ್ಟದ ಬುಡಕ್ಕೆ ಹೋದರು. ಅಲ್ಲೂ ಮೊದಲ ಸಲ ಕಾಯಿ ಬಂತು, ಆಮೇಲೆ ಗಿಡ ತಲೆ ಜೋಲು ಹಾಕಿತು. ಮತ್ತೆ ಬೀಸುಕಲ್ಲು, ಮತ್ತೆ ಕೋಳಿ. ಈ ಸಲ ಹುತ್ತಗಳಿದ್ದ ಒಂದು ಬಯಲಿಗೆ ಬಂದರು. ಅಲ್ಲೂ ಹಾಗೇ ಆಯಿತು.

ಪ್ರತಿ ಸಲ ಹೊರಡುವಾಗ ಕೆಂಚಪ್ಪ ಒಂದು ಕೆಲಸ ಮಾತ್ರ ಮರೆಯದೆ ಮಾಡುತ್ತಿದ್ದ. ಸಸಿ ಬೆಳೆಸುವ ಒಟ್ಟಲಿನಲ್ಲಿದ್ದ ಎಳೆಯ ಬದನೆ ಗಿಡಗಳನ್ನು ಮಣ್ಣು ಉದುರದ ಹಾಗೆ ಹೆಂಟೆ ಸಮೇತ ಕಿತ್ತು, ಮುತ್ತುಗದ ಎಲೆಯಲ್ಲಿ ಸುತ್ತಿಕೊಳ್ಳುತ್ತಿದ್ದ. ತವರಿನ ಮಣ್ಣು ಜೊತೆಗಿದ್ದರೆ ಸಸಿಗೆ ಹೊಸ ಜಾಗದಲ್ಲಿ ಬೇಸರವಾಗುವುದಿಲ್ಲ ಎನ್ನುತ್ತಿದ್ದ. ಈ ಉಪಾಯದ ಬಗ್ಗೆ ಅವನಿಗೆ ಬಹಳ ಹೆಮ್ಮೆ.

ಹುತ್ತದ ಬಯಲಿನಲ್ಲಿದ್ದಾಗಲೇ ಅವರ ಮಗಳು ಸಂಪಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಂದವಳು ಗೋಡೆಗೆ ಒರಗಿ ಕೂತು, ತನಗೆ ಬೇರೇನೂ ಬೇಡ, ಬದನೆಕಾಯಿ ಎಣ್ಣೆಗಾಯಿ ಮಾಡಿ ಹಾಕಿದರೆ ಸಾಕು ಎಂದಳು. ಮಾಳವ್ವ ಹೊಲಕ್ಕೆ ಹೋಗಿ ಹುಡುಕಿದಳು. ಮಡಿಲು ತುಂಬ ತಂದದ್ದು ನೆಲ್ಲಿಕಾಯಿ ಗಾತ್ರದ ಕಾಯಿಗಳು, ಒಳಗೆ ಬರೀ ಬೀಜ. ಸಂಪಿ ಒಂದು ತುತ್ತು ತಿಂದು ತಟ್ಟೆ ಸರಿಸಿದಳು. ಮೂರು ಹೊತ್ತೂ ಅದನ್ನೇ ಕೇಳುತ್ತಿದ್ದಳು. ಬಸುರಿ ಹೆಣ್ಣು, ಬಯ್ಯುವ ಹಾಗೂ ಇಲ್ಲ.

ಅದೇ ಹೊತ್ತಿಗೆ ಕೆಂಚಪ್ಪ ಬಂದು, ಗುಡ್ಡದ ಆಚೆ ಒಂದು ಜಾಗವಿದೆಯಂತೆ, ಅಲ್ಲಿಯ ಮಣ್ಣು ಬೆಲ್ಲದ ಹಾಗಿದೆಯಂತೆ, ನಾಳೆಯೇ ಹೊರಡೋಣ ಎಂದ.

ಮಾಳವ್ವನಿಗೂ ಸಾಕಾಗಿ ಹೋಯಿತು.

"ಬಸುರಿ ಮಗಳನ್ನ ಗುಡ್ಡ ಹತ್ತಿಸ್ತೀರಾ? ಬೀಸುಕಲ್ಲು ಈ ಸಲ ನೀವು ಹೊರ್ತೀರಾ? ನಾನಂತೂ ಇಲ್ಲಿಂದ ಕದಲೋದಿಲ್ಲ. ಹೋಗಲೇಬೇಕು ಅಂದ್ರೆ ನಿಮ್ಮ ಸಸಿ ಕಟ್ಕೊಂಡು ನೀವೇ ಹೋಗಿ."

ಹೀಗೆಂದವಳೇ ಹೊಲಕ್ಕೆ ನಡೆದು, ತಲೆ ಜೋಲು ಹಾಕಿ ನಿಂತಿದ್ದ ಒಂದು ಬದನೆ ಗಿಡವನ್ನು ಬುಡಸಮೇತ ಕಿತ್ತಳು. ಮಣ್ಣು ಕೊಡವಿ ನೋಡಿದಳು. ಬೇರಿನ ತುಂಬ ಗಂಟು. ಯಾರೋ ಕೆಲಸವಿಲ್ಲದವರು ಕೂತು ದಾರಕ್ಕೆ ಗಂಟಿನ ಮೇಲೆ ಗಂಟು ಹಾಕಿದ ಹಾಗಿತ್ತು. ಇಷ್ಟು ದಿನ ಗಿಡದ ಎಲೆ ನೋಡಿದ್ದರು, ಕಾಯಿ ನೋಡಿದ್ದರು. ಬೇರನ್ನು ಯಾರೂ ನೋಡಿರಲಿಲ್ಲ.

ಗುಂಡಿಯಲ್ಲಿ ಒಂದು ಎರೆಹುಳು ಹರಿದಾಡುತ್ತಿತ್ತು. ಮಾಳವ್ವ ಅದನ್ನು ಹಿಡಿದೆತ್ತಿ, ಇದೆಲ್ಲ ನಿನ್ನದೇ ಕೆಲಸ ಅಲ್ಲವಾ ಎಂದು ಕೇಳಿದಳು. ಎರೆಹುಳುವಿಗೆ ಬೇಸರವಾಯಿತು. ಬೇರಿಗೆ ಏನಾದರೂ ಎಲ್ಲರೂ ತನ್ನನ್ನೇ ಹಿಡಿದು ಎತ್ತುತ್ತಾರೆ ಎಂದಿತು. ತಾನು ತಿನ್ನುವುದು ಕೊಳೆತದ್ದನ್ನು ಮಾತ್ರ, ಜೀವ ಇರುವ ಬೇರನ್ನು ಮುಟ್ಟಿದವನೇ ಅಲ್ಲ ಎಂದಿತು. ಆ ಗಂಟುಗಳೊಳಗೆ ಕೂತವರು ಬೇರೆ, ಹಗಲೂ ರಾತ್ರಿ ಅವರು ಹೀರುವ ಸದ್ದು ಕೇಳಿ ತನಗೂ ನಿದ್ದೆಯಿಲ್ಲ ಎಂದು ಗೋಳಾಡಿತು.

"ನನ್ನನ್ನ ಕೆಳಗಿಳಿಸು ಅಕ್ಕ. ತಾಯಿಯನ್ನೇ ಕೇಳು" ಎಂದಿತು.

ಮಾಳವ್ವ ಅದನ್ನು ಮೆಲ್ಲಗೆ ಮಣ್ಣಿಗೆ ಬಿಟ್ಟು, ನೆಲಕ್ಕೆ ಕಿವಿಯಿಟ್ಟು ಭೂಮಿತಾಯಿಯನ್ನು ಕರೆದಳು. ಮತ್ತೊಂದು ದೂರು ಬಂತೆಂದು ಭೂಮಿತಾಯಿ ಗೊಣಗಿದಳು. ಆದರೂ ನಡೆದದ್ದೆಲ್ಲ ಹೇಳಿದಳು. ಕಣ್ಣಿಗೆ ಕಾಣದ ಯಾರೋ ಬಂದು ಕೇಳಿದ್ದು, ತಾನು ನೋಡದೆ ಎಲ್ಲಾದರೂ ಇರು ಎಂದದ್ದು, ಅದು ಬದನೆ ಬೇರಿನಲ್ಲಿ ಮನೆ ಮಾಡಿದ್ದು. ಅದು ಒಳಗೆ ಕೂತು ಉಬ್ಬಿದ ಹಾಗೆ ಬೇರೂ ಉಬ್ಬುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ, ಮರಿಗಳು ಪಕ್ಕದ ಬೇರಿಗೆ ಹೋಗುತ್ತವೆ. ಗಂಟಾದ ಬೇರಿನಿಂದ ನೀರು ಮೇಲಕ್ಕೆ ಹತ್ತುವುದಿಲ್ಲ, ಅದಕ್ಕೇ ಬಿಸಿಲೇರಿದ ಕೂಡಲೇ ಗಿಡ ಜೋತು ಬೀಳುತ್ತದೆ ಎಂದಳು.

ಹಾಗಾದರೆ ತಾವು ಹೋದ ಹೋದ ಕಡೆಯೆಲ್ಲ ಅದು ಮೊದಲೇ ಹೇಗೆ ಬಂದು ಕೂತಿತ್ತು ಎಂದು ಮಾಳವ್ವ ಕೇಳಿದಳು.

"ಎಲ್ಲಿ ಬಂದು ಕೂತಿತ್ತು? ಈ ಬಯಲಲ್ಲಿ ಅದು ಇರಲೇ ಇಲ್ಲ. ಬೆಟ್ಟದ ಬುಡದಲ್ಲೂ ಇರಲಿಲ್ಲ. ನಿನ್ನ ಗಂಡ ಹೆಂಟೆ ಕಟ್ಟಿಕೊಂಡು ಬಂದನಲ್ಲ, ಅದರೊಳಗೆ ಕೂತು ಬಂತು" ಎಂದಳು ಭೂಮಿತಾಯಿ.

ಮಾಳವ್ವ ಎದ್ದು ಕೂತಳು. ಕೆಂಚಪ್ಪ ಹಿಂದೆಯೇ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಅವಳು ಬೀಸುಕಲ್ಲು ಹೊತ್ತ ಕತ್ತನ್ನು ಒಂದು ಸಲ ಕೈಯಿಂದ ಉಜ್ಜಿಕೊಂಡಳು. ಕೆಂಚಪ್ಪ ಹೊರಡುವುದಕ್ಕೆಂದು ಸಸಿ ಸುತ್ತಿಟ್ಟಿದ್ದ ಮುತ್ತುಗದ ಎಲೆಯ ಗಂಟನ್ನು ಒಲೆಗೆ ಹಾಕಿದ. ಆಮೇಲೆ ಗುದ್ದಲಿಯನ್ನೂ ಕಾಲನ್ನೂ ತೊಳೆದುಕೊಂಡು ಬಂದು ಒಂದು ಮೂಲೆಯಲ್ಲಿ ಕೂತ.

ಆದರೆ ಮಾಳವ್ವನ ಸಿಟ್ಟು ಇಳಿಯಲಿಲ್ಲ. ಎಲ್ಲರ ಮೇಲೂ ಸಿಟ್ಟಿತ್ತು, ಕಣ್ಣಿಗೆ ಕಾಣದ ಆ ಹುಳದ ಮೇಲೆ ಎಲ್ಲಕ್ಕಿಂತ ಜಾಸ್ತಿ. ಕುಡುಗೋಲು ತೆಗೆದುಕೊಂಡು ಹೋಗಿ ಕಳ್ಳಿಗಿಡಗಳನ್ನು ಕಡಿದಳು. ಅದರ ಹಾಲನ್ನು ಹರವಿಯಲ್ಲಿ ಹಿಡಿದು, ನೀರು ಬೆರೆಸಿ, ಒಂದು ಸಾಲಿನ ಉದ್ದಕ್ಕೂ ಹೊಯ್ದಳು. ಎಲ್ಲ ಸಾಯಲಿ ಎಂದುಕೊಂಡೇ ಹೊಯ್ದಳು.

ಬೆಳಿಗ್ಗೆ ಹೋಗಿ ನೋಡಿದರೆ ಆ ಸಾಲಿನಲ್ಲಿ ಸದ್ದಿರಲಿಲ್ಲ. ಮಾತಾಡಿಸಿದರೆ ಯಾರೂ ಓಗೊಡಲಿಲ್ಲ. ಇರುವೆಗಳು ಸತ್ತಿದ್ದವು, ಗೊಬ್ಬರದ ಹುಳಗಳು ಸತ್ತಿದ್ದವು. ನಿನ್ನೆ ಅವಳನ್ನು ಅಕ್ಕ ಎಂದು ಕರೆದಿದ್ದ ಎರೆಹುಳು ಮಣ್ಣಿನ ಮೇಲೆ ಒಣಗಿ ಬಿದ್ದಿತ್ತು. ಬೇರಿನ ಗಂಟಿಗೆ ಕಿವಿಯಿಟ್ಟಳು, ಸಣ್ಣಗೆ ಹೀರುವ ಸದ್ದು ಕೇಳಿತು. ಒಳಗಿದ್ದವರು ಒಳಗೇ ಬೆಚ್ಚಗಿದ್ದರು.

ಭೂಮಿತಾಯಿ ಬಯ್ದಿದ್ದರೆ ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಮಾಳವ್ವ ಆ ಎರೆಹುಳುವನ್ನು ಎಲೆಯ ಮೇಲೆ ಎತ್ತಿಕೊಂಡು ಹೋಗಿ ಬದುವಿನ ಬುಡದಲ್ಲಿ ಹೂತಳು. ಅವತ್ತು ಅವಳು ಊಟ ಮಾಡಲಿಲ್ಲ. ಸಂಪಿಯೂ ಅವತ್ತು ಎಣ್ಣೆಗಾಯಿ ಕೇಳಲಿಲ್ಲ.

ಆಮೇಲೆ ಕೆಂಚಪ್ಪನೇ ಎದ್ದ. ಇಷ್ಟು ವರ್ಷ ಹೊತ್ತು ತಂದವನು ತಾನು, ಕಳಿಸುವ ದಾರಿಯನ್ನೂ ತಾನೇ ಹುಡುಕಬೇಕು ಎನಿಸಿರಬೇಕು. ಹಳೆಯ ಬದನೆ ಗಿಡಗಳನ್ನೆಲ್ಲ ಬೇರು ಬಿಡದ ಹಾಗೆ ಕಿತ್ತು ಸುಟ್ಟ. ಬೇಸಿಗೆ ಶುರುವಾಗಿತ್ತು. ಸೂರ್ಯನ ಹತ್ತಿರ ಹೋಗಿ ಸಹಾಯ ಕೇಳಿದ. ಇಡೀ ಲೋಕ ತನ್ನ ಬಿಸಿಲು ಜಾಸ್ತಿ ಎಂದು ಬಯ್ಯುತ್ತದೆ, ಈಗ ಇವನು ಬಂದು ಬಿಸಿಲು ಕೊಡು ಎನ್ನುತ್ತಾನೆ ಎಂದು ಸೂರ್ಯ ಸಿಡುಕಿದ. ಮುಚ್ಚಿಕೊಂಡ ಮಣ್ಣಿನೊಳಗೆ ತಾನು ನೋಡುವುದಾದರೂ ಹೇಗೆ, ಕೆಳಗಿನದನ್ನು ಮೇಲೆ ಮಾಡು, ಆಮೇಲೆ ನೋಡೋಣ ಎಂದ.

ಕೆಂಚಪ್ಪ ನೇಗಿಲನ್ನು ಆಳಕ್ಕೆ ಇಳಿಸಿ ಉತ್ತ. ಮಣ್ಣು ಒಣಗಿದ ಮೇಲೆ ಇನ್ನೊಂದು ಸಲ ಅಡ್ಡಕ್ಕೆ ಉತ್ತ. ಹೆಂಟೆಗಳು ಬಿಸಿಲಿಗೆ ಕಾದು ಕಾದು ಬೆಂದವು. ಮೇಲಕ್ಕೆ ಬಂದ ಜಂತುಹುಳುಗಳು ಒಣಗಿ ಹೋದವು. ಬದುವಿನಲ್ಲಿದ್ದ ಬೇವಿನ ಮರ ತನ್ನ ಬೀಜಗಳನ್ನೆಲ್ಲ ಉದುರಿಸಿತು. ಮಾಳವ್ವ ಅವುಗಳ ಎಣ್ಣೆ ತೆಗೆದು, ಉಳಿದ ಹಿಂಡಿಯನ್ನು ಮಣ್ಣಿಗೆ ಸೇರಿಸಿದಳು. ಬೇವಿನ ಕಹಿಗೆ ಇನ್ನಷ್ಟು ಹುಳ ಓಡಿಹೋದವು.

ಆದರೂ ಎಲ್ಲ ಹೋಗಲಿಲ್ಲ. ಬುದ್ಧಿವಂತ ಹುಳಗಳು ನೇಗಿಲಿಗೂ ಸಿಗದ ಆಳಕ್ಕೆ ಇಳಿದು ಕಾದವು. ಮಳೆ ಬಿದ್ದು ಹೊಸ ಸಸಿ ನೆಟ್ಟರೆ ಸಾಕು, ಮೇಲಕ್ಕೆ ಬರುವುದಕ್ಕೆ ತಯಾರಾಗಿದ್ದವು.

ಮಳೆಗಾಲದ ಹೊಸ್ತಿಲಲ್ಲಿ ಸಂಪಿ ಹೆಣ್ಣುಮಗು ಹೆತ್ತಳು. ತಾಯಿ ಮಗು ಚೆನ್ನಾಗಿದ್ದರು. ಮಗು ಅಳುವುದನ್ನು ನಿಲ್ಲಿಸಿದ ಕೂಡಲೇ ಸಂಪಿ ಬದನೆಕಾಯಿಯ ಮಾತೆತ್ತಿದಳು. ಬಾಣಂತಿಗೆ ಬದನೆ ನಂಜು, ಬಾಣಂತನ ಮುಗಿಯುವವರೆಗೆ ಅದರ ಹೆಸರೂ ಎತ್ತಬಾರದು ಎಂದಳು ಮಾಳವ್ವ. ಸಂಪಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು.

ಬೇಸರವಾಗಿ ಮಾಳವ್ವ ಹೊಲದ ಕಡೆ ಹೊರಟಳು. ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಬದುವಿನ ಹತ್ತಿರ ಹೋದವಳು ನಿಂತುಬಿಟ್ಟಳು. ಕೆಂಚಪ್ಪನ ಕಣ್ಣಿಗೆ ಬೀಳದೆ ಉಳಿದ ಒಂದೇ ಒಂದು ಬದನೆ ಗಿಡ ಅಲ್ಲಿತ್ತು. ಅಷ್ಟು ಬಿಸಿಲಿನಲ್ಲೂ ಅದು ತಲೆ ಎತ್ತಿ ನಿಂತಿತ್ತು. ಎಲೆ ಹಸಿರಾಗಿತ್ತು. ಅದರ ಎಡಕ್ಕೂ ಬಲಕ್ಕೂ ಚೆಂಡುಹೂವಿನ ಗಿಡಗಳಿದ್ದವು.

ಆಗಿನ್ನೂ ಚೆಂಡುಹೂವನ್ನು ಯಾರೂ ನೆಟ್ಟು ಬೆಳೆಸುತ್ತಿರಲಿಲ್ಲ. ಅದರ ಎಲೆಗೆ ಯಾವ ವಾಸನೆಯೂ ಇರಲಿಲ್ಲ. ಬದುವಿನಲ್ಲಿ ತನ್ನ ಪಾಡಿಗೆ ತಾನು ಅರಳುತ್ತಿತ್ತು. ಯಾರ ಮೇಲೂ ದೂರು ಹೇಳಲು ಹೋಗದ ಗಿಡ ಅದೊಂದೇ. ಹಾಗೆಂದು ಅದರ ಸ್ವಭಾವ ಸಿಹಿ ಎಂದೇನೂ ಅಲ್ಲ. ಯಾರ ಸಹವಾಸವೂ ಬೇಡ ಎನ್ನುವ ಜಾತಿ.

ನಿನ್ನ ಬುಡದಲ್ಲಿ ಏನಿದೆ, ಹುಳ ಯಾಕೆ ಬರುವುದಿಲ್ಲ ಎಂದು ಮಾಳವ್ವ ಕೇಳಿದಳು.

"ಬರ್ತವೆ" ಎಂದಿತು ಚೆಂಡುಹೂವು. "ಬೇಕಾದಷ್ಟು ಬರ್ತವೆ. ನಾನು ಬಾ ಅನ್ನೋದೂ ಇಲ್ಲ, ಹೋಗು ಅನ್ನೋದೂ ಇಲ್ಲ. ಬಂದವು ತಿರುಗಿ ಹೋಗೋದಿಲ್ಲ, ಅಷ್ಟೇ."

ಅದರ ಬೇರಿನಲ್ಲಿ ಒಂದು ಕಹಿ ರಸವಿತ್ತು. ಒಳಗೆ ಬಂದ ಹುಳ ಒಂದು ಗುಟುಕು ಹೀರಿದರೆ ಮುಗಿಯಿತು.

ಮಾಳವ್ವ ಅಲ್ಲೇ ಕೂತು ಬೇಡಿಕೊಂಡಳು. ತನ್ನ ಬದನೆ ಸಾಲುಗಳ ನಡುವೆ ಬಂದು ನಿಲ್ಲಬೇಕೆಂದಳು. ಚೆಂಡುಹೂವು ಒಪ್ಪಲಿಲ್ಲ. ಬದನೆಗೆ ಯಾರಿಗೂ ಇಲ್ಲ ಅನ್ನಲು ಬರುವುದಿಲ್ಲ, ಬಂದವರನ್ನೆಲ್ಲ ಒಳಗೆ ಕರೆದು ಕೂರಿಸುತ್ತದೆ, ಆಮೇಲೆ ಅಳುತ್ತದೆ, ಅದರ ಅಳು ತನಗೆ ಆಗುವುದಿಲ್ಲ ಎಂದಿತು. ಮಾಳವ್ವ ಎದ್ದು ಹೋಗಲಿಲ್ಲ. ಬೀಸುಕಲ್ಲು ಹೊತ್ತು ಅಲೆದದ್ದನ್ನು ಹೇಳಿದಳು. ಬಾಣಂತಿ ಮಗಳ ವಿಷಯ ಹೇಳಿದಳು. ಕಳ್ಳಿಹಾಲು ಹೊಯ್ದದ್ದನ್ನೂ, ಸತ್ತ ಎರೆಹುಳುವನ್ನು ಇದೇ ಬದುವಿನಲ್ಲಿ ಹೂತದ್ದನ್ನೂ ಹೇಳಿದಳು.

"ಗೊತ್ತು, ನನ್ನ ಬೇರಿನ ಪಕ್ಕದಲ್ಲೇ ಹೂತಿದ್ದೀಯ" ಎಂದಿತು ಚೆಂಡುಹೂವು. "ಬರ್ತೀನಿ. ಆದರೆ ಒಬ್ಬಳೇ ನಿಂತು ಇಡೀ ಹೊಲ ಕಾಯೋಕಾಗಲ್ಲ, ಸಾಲು ಸಾಲಾಗಿ ನೆಡು. ಕಳೆ ಅಂತ ನಡುವೆ ಕಿತ್ತುಹಾಕಬೇಡ. ಒಂದು ಸಲ ಬಂದುಹೋದ್ಲು, ಇನ್ನು ಬೇಡ ಅಂತಲೂ ತಿಳ್ಕೋಬೇಡ."

ಮಾಳವ್ವ ಎಲ್ಲಕ್ಕೂ ಒಪ್ಪಿದಳು. ಮಳೆ ಹಿಡಿಯಿತು. ಹುಳವಿಲ್ಲದ ಹೊಸ ಮಣ್ಣಿನಲ್ಲಿ ಬೀಜ ಹಾಕಿ ಬೆಳೆಸಿದ ಬದನೆ ಸಸಿಗಳನ್ನು ನೆಟ್ಟರು. ನಡುವೆ ಚೆಂಡುಹೂವಿನ ಸಾಲುಗಳು ನಿಂತವು.

ಆಳದಲ್ಲಿ ಕಾಯುತ್ತಿದ್ದ ಜಂತುಹುಳುಗಳು ಹಸಿದು ಮೇಲಕ್ಕೆ ಬಂದವು. ಎಷ್ಟೋ ಹುಳ ಚೆಂಡುಹೂವಿನ ಬೇರಿಗೆ ನುಗ್ಗಿದವು. ಬಂದವು ತಿರುಗಿ ಹೋಗಲಿಲ್ಲ. ಅವುಗಳ ಹಿಂದೆ ಇನ್ನಷ್ಟು ಬಂದವು. ಚೆಂಡುಹೂವು ಕಹಿಯನ್ನು ಇನ್ನಷ್ಟು ಗಟ್ಟಿ ಮಾಡಿತು. ಮಳೆ ಸುರಿಯುತ್ತಲೇ ಇತ್ತು, ಹುಳ ಬರುತ್ತಲೇ ಇದ್ದವು, ಕಹಿ ಏರುತ್ತಲೇ ಇತ್ತು. ಪಕ್ಕದಲ್ಲಿ ಬದನೆ ಹೆದರಿಕೊಂಡು ಒಂದೇ ಸಮನೆ ಏನಾಯಿತು, ಏನಾಯಿತು ಎಂದು ಕೇಳುತ್ತಿತ್ತು. ಸುಮ್ಮನೆ ಕಾಯಿ ಬಿಡು ಎಂದು ಚೆಂಡುಹೂವು ಗದರಿಸಿತು.

ಕೊನೆಗೆ ಅಷ್ಟು ಕಹಿಗೆ ಬೇರಿನಲ್ಲಿ ಜಾಗ ಸಾಲದೆ ಹೋಯಿತು. ಅದು ಕಾಂಡಕ್ಕೆ ಹತ್ತಿತು. ಕಾಂಡದಿಂದ ಟಿಸಿಲಿಗೆ, ಟಿಸಿಲಿನಿಂದ ಎಲೆಗೆ ಹತ್ತಿತು. ಎಲೆಯಲ್ಲಿ ನಿಂತು ಘಾಟಾಯಿತು. ಮೇಯಲು ಬಂದ ಮೇಕೆ ಮೂಗು ಅರಳಿಸಿ ಹಿಂದೆ ಸರಿಯಿತು. ತನಗೆ ಈ ವಾಸನೆ ಬೇಕು ಎಂದು ಚೆಂಡುಹೂವೇನೂ ಕೇಳಿರಲಿಲ್ಲ. ಆದರೂ ಕದಲದೆ ನಿಂತಿತು.

ಅಳಿದುಳಿದ ಜಂತುಹುಳುಗಳು ಭೂಮಿತಾಯಿಯ ಹತ್ತಿರ ದೂರು ತೆಗೆದುಕೊಂಡು ಹೋದವು. ಎಲ್ಲಾದರೂ ಇರು ಎಂದು ನೀನೇ ಹೇಳಿದ್ದೆ, ಈಗ ನೋಡು ಎಂದವು.

ಈ ಸಲ ಭೂಮಿತಾಯಿ ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು, ಅವುಗಳನ್ನು ಸರಿಯಾಗಿ ನೋಡಿದಳು.

"ಎಲ್ಲಾದರೂ ಇರು ಅಂದೆ, ನಿಜ. ಎಲ್ಲರೂ ನಿಮಗೆ ಊಟ ಹಾಕಬೇಕು ಅಂತ ನಾನು ಯಾರಿಗೂ ಹೇಳಿಲ್ಲ" ಎಂದಳು. "ನಿಮ್ಮನ್ನ ಅಳಿಸಿ ಹಾಕೋದಿಲ್ಲ. ಚೆಂಡುಹೂವನ್ನ ಮರೆತವರ ಹೊಲ ಇರುತ್ತೆ, ಒಂದೇ ಬೆಳೆಯನ್ನ ಮತ್ತೆ ಮತ್ತೆ ಬೆಳೆಯೋರ ಹೊಲ ಇರುತ್ತೆ. ಹೋಗಿ ಹುಡುಕಿಕೊಳ್ಳಿ. ಇಲ್ಲಿ ಮಾತ್ರ ಗಲಾಟೆ ಬೇಡ."

ಮಳೆ ಹಿಂದೆ ಸರಿಯುವ ಹೊತ್ತಿಗೆ ಬದನೆ ಗಿಡಗಳು ಸೊಂಟದೆತ್ತರ ಬೆಳೆದಿದ್ದವು. ನೇರಳೆ ಬಣ್ಣದ ಕಾಯಿಗಳು ಟೊಂಗೆಯನ್ನು ಬಗ್ಗಿಸಿ ತೂಗುತ್ತಿದ್ದವು. ಸಂಪಿಯ ಬಾಣಂತನವೂ ಮುಗಿದಿತ್ತು. ಮಾಳವ್ವ ಎಳೆಯ ಕಾಯಿ ಆರಿಸಿ ತಂದು, ಸೀಳಿ, ಮಸಾಲೆ ತುಂಬಿ, ಸಣ್ಣ ಉರಿಯಲ್ಲಿ ಎಣ್ಣೆಗಾಯಿ ಮಾಡಿದಳು. ಸಂಪಿ ರೊಟ್ಟಿ ಮುರಿದು, ಒಂದು ತುತ್ತು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಕೆಂಚಪ್ಪ, ಮಾಳವ್ವ ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಖಾರ ಒಂದು ಚೂರು ಕಮ್ಮಿ ಆಯ್ತು ಅವ್ವ" ಎಂದಳು ಸಂಪಿ.

ಮಾಳವ್ವ ಅವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಇನ್ನೊಂದು ಕಾಯಿ ತಟ್ಟೆಗೆ ಬಡಿಸಿದಳು. ಸಂಪಿ ಅದನ್ನೂ ತಿಂದಳು, ಮತ್ತೊಂದನ್ನೂ ತಿಂದಳು. ಕೆಂಚಪ್ಪನಿಗೆ ಉಳಿದದ್ದು ಬರೀ ಗೊಜ್ಜು. ಅವನು ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ತಿಂದ.

ಸಂಪಿ ಗಂಡನ ಮನೆಗೆ ಹೊರಟ ದಿನ ಮಾಳವ್ವ ಅವಳ ಸೆರಗಿನ ಚುಂಗಿಗೆ ಒಣಗಿದ ಚೆಂಡುಹೂವಿನ ಬೀಜ ಕಟ್ಟಿದಳು. ಪ್ರತಿ ಸಲ ನೆಡಬೇಕು, ಒಂದು ಸಲ ಬಿಟ್ಟರೂ ಅವು ತಿರುಗಿ ಬರುತ್ತವೆ ಎಂದು ಹೇಳಿ ಕಳಿಸಿದಳು. ಸಂಪಿಯಿಂದ ಅವಳ ಓರಗಿತ್ತಿಗೆ, ಓರಗಿತ್ತಿಯಿಂದ ಪಕ್ಕದ ಮನೆಗೆ, ಹೀಗೆ ಆ ಬೀಜ ಊರೂರು ಸುತ್ತಿತು. ಮಾಳವ್ವ ಆ ಬಯಲಿನಲ್ಲೇ ಉಳಿದಳು. ಅವಳ ಗುಡಿಸಲಿನ ಸುತ್ತ ಆಮೇಲೆ ಇನ್ನೂ ಹಲವು ಗುಡಿಸಲುಗಳೆದ್ದು ಅದೊಂದು ಊರಾಯಿತು.

ಅದಕ್ಕೇ ನೋಡು ಮಗಾ, ಇವತ್ತಿಗೂ ಬದನೆ ಹೊಲದಲ್ಲಿ ಸಾಲುಗಳ ನಡುವೆ ಚೆಂಡುಹೂವಿನ ಗಿಡ ನಿಂತಿರುತ್ತದೆ, ಅದರ ಎಲೆಯನ್ನು ಬೆರಳಲ್ಲಿ ತಿಕ್ಕಿದರೆ ಎಷ್ಟು ಸಲ ಕೈ ತೊಳೆದರೂ ಹೋಗದ ಆ ಘಾಟು ಅಂಟಿಕೊಳ್ಳುತ್ತದೆ.